ಬಾಳೂ ಪಾಲವಣಕರ: ಬೌಲಿಂಗ್‌ಗೆ ಎಷ್ಟು ಮಾರ್ಕ್ಸ್, ಬ್ಯಾಟಿಂಗ್‌ಗೆ ಎಷ್ಟು?

ಹೋದ ಸೆಮಿಸ್ಟರ್ ರಜೆಗೆ ಆಲಮೇಲಕ್ಕೆ ಹೋದಾಗ ನಮ್ಮಲ್ಲೇ ಒಂದು ಜಗಳ ಆಯ್ತು. ದೊಡ್ಡ ಜಗಳ ಏನಲ್ಲ. ಜೋಳದ ಸುಗ್ಗಿ ಮುಗಿದು ಖಾಲಿ ಬಿದ್ದಿದ್ದ ಹೊಲದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ, ಬೇವಿನ ಗಿಡದ ನೆರಳಿಗೆ ಕೂತು, ಕರ್ನಾಟಕದ ಮಣ್ಣಿನ ನಂಟಿರೋರದೇ ಒಂದು ಸಾರ್ವಕಾಲಿಕ ಟೀಮ್ ಕಟ್ಟೋಣ ಅಂತ ಶುರು ಮಾಡಿದ್ವಿ. ದ್ರಾವಿಡ್, ವಿಶ್ವನಾಥ್, ಕುಂಬ್ಳೆ, ಪ್ರಸನ್ನ, ಚಂದ್ರಶೇಖರ್ ಇವರಿಗೆಲ್ಲ ಯಾರದೂ ತಕರಾರಿಲ್ಲ. ಎಡಗೈ ಸ್ಪಿನ್ನರ್ ಯಾರು ಅಂದಾಗ ಎಲ್ಲರೂ ಒಂದೇ ಸಲ ಗದುಗಿನ ಸುನಿಲ್ ಜೋಶಿ ಅಂದ್ವಿ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್ ಹಾಕಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದವರು. ನಮ್ಮ ಕಡೆಯವರು ಬ್ಯಾರೆ. ಅವರನ್ನ ಬಿಟ್ಟರೆ ಹೆಂಗ?

ಅಷ್ಟರಲ್ಲಿ ನಮ್ಮೊಳಗೊಬ್ಬ ಬಾಳೂ ಪಾಲವಣಕರ ಅವರ ಹೆಸರು ತೆಗೆದ. ಅರ್ಧ ಜನಕ್ಕೆ ಹೆಸರೇ ಗೊತ್ತಿರಲಿಲ್ಲ. ಗೊತ್ತಿದ್ದ ಇನ್ನರ್ಧ ಜನ, ಅವರು ಅಸ್ಪೃಶ್ಯತೆ ಎದುರಿಸಿದ ಮಹಾನ್ ಆಟಗಾರ ಅಂದರು. ಸರಿ, ಆದರೆ ಆಟಗಾರನಾಗಿ ಹೆಂಗಿದ್ದರು? ಬೌಲಿಂಗ್ ಹೆಂಗಿತ್ತು, ಬ್ಯಾಟಿಂಗ್ ಬರ್ತಿತ್ತಾ, ಕ್ಯಾಪ್ಟನ್ ಆಗೋ ತಾಕತ್ತಿತ್ತಾ? ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ರಜೆ ಮುಗಿಯೋ ತನಕ ನಾವು ಸಿಕ್ಕಿದ್ದೆಲ್ಲ ಓದಿ, ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿ ಬರೆದದ್ದು ಈ ಲೇಖನ. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಕನ್ನಡದಲ್ಲಿ ಇಷ್ಟುದ್ದ ಬರೆಯೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ರಿ.

ರೋಲರ್ ಎಳೆದ ಹುಡುಗ

ಬಾಳೂ ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಆಗ ಧಾರವಾಡ, ನಮ್ಮ ವಿಜಯಪುರ ಎಲ್ಲ ಬಾಂಬೆ ಪ್ರೆಸಿಡೆನ್ಸಿಯೊಳಗೇ ಇದ್ದವು. ಮನೆತನದ ಮೂಲ ಕೊಂಕಣದ ಪಾಲವಣ ಅನ್ನೋ ಹಳ್ಳಿ, ಅಡ್ಡಹೆಸರು ಬಂದದ್ದು ಅಲ್ಲಿಂದ. ಜಾತಿಯಲ್ಲಿ ಚಮ್ಮಾರರು. ಆ ಕಾಲದ ಊರುಗಳು ಮುಟ್ಟದೆ ದೂರ ಇಟ್ಟಿದ್ದ ಸಮುದಾಯ. ತಂದೆ ಸೈನ್ಯದ ನೌಕರಿಯಲ್ಲಿದ್ದರು. ಹೀಗಾಗಿ ಕುಟುಂಬ ಪುಣೆಗೆ ಹೋಯ್ತು. ಅಲ್ಲಿ ಬಾಳೂ ಮತ್ತು ತಮ್ಮಂದಿರು ಬ್ರಿಟಿಷ್ ಅಧಿಕಾರಿಗಳು ಬಳಸಿ ಬಿಸಾಕಿದ ಸಾಮಾನು ಹಿಡಿದು ಕ್ರಿಕೆಟ್ ಕಲಿತರು.

ಮೊದಲ ಕೆಲಸ ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಒಂದು ಕ್ರಿಕೆಟ್ ಕ್ಲಬ್‌ನಲ್ಲಿ. ಪಿಚ್ ಗುಡಿಸೋದು, ರೋಲರ್ ಎಳೆಯೋದು. ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್‌ಗೆ ಸೇರಿದರು, ಅಲ್ಲಿ 4 ರೂಪಾಯಿ. ನೆಟ್ ಕಟ್ಟೋದು, ಗೆರೆ ಹಾಕೋದು, ನೆಲ ಹದ ಮಾಡೋದು. ಬಿಡುವು ಸಿಕ್ಕಾಗ ಸಾಹೇಬರಿಗೆ ಬಾಲ್ ಹಾಕೋದೂ ಅದರ ಜೊತೆಗೇ ಶುರುವಾಯ್ತು.

ಆ ಕ್ಲಬ್‌ನಲ್ಲಿ ಜೆ.ಜಿ. ಗ್ರೆಗ್ ಅನ್ನೋ ಸೇನಾಧಿಕಾರಿ ಇದ್ದರು. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಕೌಂಟಿಗೂ ಆಡಿದವರು, ಆಗ ಭಾರತದಲ್ಲಿದ್ದ ಬಿಳಿಯ ಬ್ಯಾಟ್ಸ್‌ಮನ್‌ಗಳಲ್ಲಿ ಬಹಳ ಒಳ್ಳೆಯವರು. ಉಳಿದವರು ಬರೋದಕ್ಕಿಂತ ಮುಂಚೆಯೇ ಅವರು ಮೈದಾನಕ್ಕೆ ಬಂದು ಬಾಳೂ ಕೈಲಿ ಬಾಲ್ ಹಾಕಿಸಿಕೊಳ್ಳುತ್ತಿದ್ದರಂತೆ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಅನ್ನೋ ಕಥೆಯೂ ಇದೆ. ಕಥೆ ನಿಜವೇ ಆಗಿದ್ದರೆ ಲೆಕ್ಕ ಸರಳ: ತಿಂಗಳಿಗೆ ಎಂಟು ಸಲ ಗ್ರೆಗ್ ವಿಕೆಟ್ ಬಿದ್ದರೆ ಸಂಬಳದಷ್ಟೇ ದುಡ್ಡು ಮೇಲೆ ಬಂತು. ಇದಕ್ಕಿಂತ ಒಳ್ಳೆಯ ಕೋಚಿಂಗ್ ಯಾವ ಅಕಾಡೆಮಿಯಲ್ಲಿ ಸಿಗ್ತದ ನೋಡ್ರಿ.

ಬೌಲಿಂಗ್: ಎಲ್ಲಿಂದ ಬಂತು ಆ ಕೈ

ಲಗಾನ್ ಸಿನಿಮಾ ನೋಡಿದವರಿಗೆ ಕಚ್ರಾ ನೆನಪಿರಬಹುದು. ಬಾಳೂ ಅವರ ಬಗ್ಗೆ ಮಾತಾಡುವಾಗ ಬಹಳ ಜನ ಆ ಪಾತ್ರವನ್ನು ಎಳೆದು ತರುತ್ತಾರೆ. ನಮಗೆ ಅಲ್ಲೇ ಒಂದು ಸಿಟ್ಟು. ಕಚ್ರಾಗೆ ಸ್ಪಿನ್ ಬರೋದು ಕೈ ಊನ ಇರೋದರಿಂದ. ಅವನು ಕಲಿತದ್ದಲ್ಲ, ತಾನಾಗೇ ಬಂದದ್ದು. ಬಾಳೂ ಅವರದು ಪೂರ್ತಿ ಕಲಿತ ವಿದ್ಯೆ. ವರ್ಷಗಟ್ಟಲೆ, ದಿನಾ ಗಂಟೆಗಟ್ಟಲೆ, ಒಳ್ಳೆಯ ಬ್ಯಾಟ್ಸ್‌ಮನ್‌ಗಳಿಗೆ ಬಾಲ್ ಹಾಕಿ ಹಾಕಿ ಬಂದದ್ದು. ಪವಾಡ ಅಂದುಬಿಟ್ಟರೆ ಅವರ ದುಡಿಮೆಯನ್ನ ನಾವು ಎರಡನೇ ಸಲ ಕಸಿದುಕೊಂಡ ಹಾಗೆ.

ಅವರು ಎಡಗೈಯ ನಿಧಾನಗತಿ ಸ್ಪಿನ್ನರ್. ಬಾಲ್ ಎರಡೂ ಕಡೆ ತಿರುಗಿಸುತ್ತಿದ್ದರು, ವೇಗ ಮತ್ತು ಎತ್ತರ ಬದಲಾಯಿಸುತ್ತಿದ್ದರು, ಒಂದೇ ಜಾಗಕ್ಕೆ ಗಂಟೆಗಟ್ಟಲೆ ಹಾಕಬಲ್ಲವರಾಗಿದ್ದರು. ಇನ್ನೊಂದು ವಿಷಯ ನಮಗೆ ಹೊಳೆದದ್ದು. ಸ್ಪಿನ್ನರ್‌ಗೆ ಪಿಚ್ ಓದೋದು ಅರ್ಧ ವಿದ್ಯೆ. ಎಲ್ಲಿ ಒಣಗಿದೆ, ಎಲ್ಲಿ ಹಸಿ ಇದೆ, ಮಧ್ಯಾಹ್ನದ ಮೇಲೆ ಎಲ್ಲಿ ಬಿರುಕು ಬಿಡ್ತದ. ಹದಿವಯಸ್ಸಿನಿಂದ ರೋಲರ್ ಎಳೆದ ಮನುಷ್ಯನಿಗೆ ಅದು ಕಾಲಿನ ಕೆಳಗೇ ಗೊತ್ತಾಗುತ್ತಿತ್ತು ಅಂತ ನಮ್ಮ ಊಹೆ. ಎರೆಮಣ್ಣಿನ ಮೇಲೆ ಆಡೋ ನಮಗೆ ಇದು ಬಾಳ ಸಲ ಅನುಭವಕ್ಕೆ ಬಂದದ್ದೇ.

ಪುಣೆಯ ಹಿಂದೂ ತಂಡದವರಿಗೆ ಯುರೋಪಿಯನ್ನರನ್ನ ಸೋಲಿಸಬೇಕಿತ್ತು. ಅದಕ್ಕೆ ಬಾಳೂ ಬೇಕಿತ್ತು. ತಂಡದಲ್ಲಿ ಇದ್ದವರು ಹೆಚ್ಚಾಗಿ ಬ್ರಾಹ್ಮಣರು, ಅವರಲ್ಲೇ ವಾದ ನಡೆದು ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟಿದ ಬಾಲನ್ನೇ ಅವರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ, ಬಿಸಾಕೋ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ತಂಡ ಗೆಲ್ಲತೊಡಗಿದ ಮೇಲೆ ರಾನಡೆ ಮತ್ತು ತಿಲಕರಂಥ ದೊಡ್ಡವರು ಸಾರ್ವಜನಿಕವಾಗಿ ಬಾಳೂ ಅವರನ್ನು ಗೌರವಿಸಿದರು.

1896ರ ಹೊತ್ತಿಗೆ ಅವರು ಬಾಂಬೆಗೆ ಹೋದರು, ಮುಂದೆ ಅಲ್ಲಿನ ಹಿಂದೂ ಜಿಮ್ಖಾನಾ ಪರ ಆಡಿದರು. 1906ರ ಫೆಬ್ರವರಿಯಲ್ಲಿ ಹಿಂದೂಗಳು ಮತ್ತು ಯುರೋಪಿಯನ್ನರ ಪ್ರಸಿದ್ಧ ಪಂದ್ಯ ನಡೀತು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಗೆಲುವು 109 ರನ್‌ಗಳಿಂದ. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಈ ಪಂದ್ಯದಲ್ಲಿ ಬಾಳೂ ಇದ್ದರು, ತಮ್ಮ ಶಿವರಾಮ ಕೂಡ ಇದ್ದರು.

ಇಂಗ್ಲೆಂಡ್ 1911

ಭಾರತ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟರಲ್ಲಿ ಬಾಳೂ ಅವರಿಗೆ 56 ವರ್ಷ. ಹೀಗಾಗಿ ಅವರ ಹೆಸರಿನ ಮುಂದೆ ಟೆಸ್ಟ್ ಲೆಕ್ಕ ಇಲ್ಲ. ಇರೋ ದೊಡ್ಡ ಪರೀಕ್ಷೆ ಅಂದ್ರ 1911ರ ಇಂಗ್ಲೆಂಡ್ ಪ್ರವಾಸ. ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ಕ್ಯಾಪ್ಟನ್. ಅವರಿಗೆ ಆಟಕ್ಕಿಂತ ಬೇರೆ ಕಾರ್ಯಕ್ರಮಗಳೇ ಜಾಸ್ತಿ, ಹೆಚ್ಚು ಪಂದ್ಯ ಆಡಲಿಲ್ಲ. ತಂಡ ಆಡಿದ 14 ಪ್ರಥಮ ದರ್ಜೆ ಪಂದ್ಯಗಳಲ್ಲಿ 10 ಸೋತಿತು, ಗೆದ್ದದ್ದು ಬರೀ 2: ಲೆಸ್ಟರ್‌ಷೈರ್ ಮತ್ತು ಸಾಮರ್‌ಸೆಟ್ ವಿರುದ್ಧ.

ಇಂಥ ಸೋಲೋ ತಂಡದಲ್ಲಿ, 35ನೇ ವಯಸ್ಸಿನಲ್ಲಿ, ಹಿಂದೆಂದೂ ನೋಡದ ನೆಲದ ಮೇಲೆ ಬಾಳೂ ಎಲ್ಲ ಪಂದ್ಯ ಸೇರಿಸಿ 114 ವಿಕೆಟ್ ತೆಗೆದರು, ಸರಾಸರಿ 18.84. ಅದರಲ್ಲಿ ಪ್ರಥಮ ದರ್ಜೆಯವು 75, ಸರಾಸರಿ 20.12. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 103 ರನ್‌ಗೆ 8 ವಿಕೆಟ್. ಅದೇ ಅವರ ಜೀವನದ ಅತ್ಯುತ್ತಮ ಬೌಲಿಂಗ್. ಆ 103 ಅನ್ನೋ ಅಂಕಿಯನ್ನ ನಾವು ಮೊದಲು ದುಬಾರಿ ಅಂದುಕೊಂಡ್ವಿ. ಆಮೇಲೆ ಅನಿಸ್ತು, ಇನ್ನೊಂದು ತುದಿಯಿಂದ ನೆರವು ಕಮ್ಮಿ ಇದ್ದಾಗ ದಿನಪೂರ್ತಿ ಹಾಕೋನು ರನ್ ಕೊಡದೇ ಇರಲಿಕ್ಕೆ ಆಗೋದಿಲ್ಲ.

ಈಗ ದೌರ್ಬಲ್ಯದ ಲೆಕ್ಕ. ಇಡೀ ವೃತ್ತಿಜೀವನದಲ್ಲಿ 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21. ಇದರಿಂದ ಇಂಗ್ಲೆಂಡಿನ 75 ವಿಕೆಟ್ ಮತ್ತು ಅವಕ್ಕೆ ಕೊಟ್ಟ ರನ್ ಕಳೆದರೆ ಉಳಿಯೋದು 104 ವಿಕೆಟ್, ಸರಾಸರಿ ಸುಮಾರು 11.7. ಅಂದ್ರ ನಮ್ಮ ನೆಲದಲ್ಲಿ 11.7, ಇಂಗ್ಲೆಂಡಿನಲ್ಲಿ 20.1. ವ್ಯತ್ಯಾಸ ದೊಡ್ಡದೇ. ಆ ಕಾಲದಲ್ಲಿ ಇಲ್ಲಿನ ಪಂದ್ಯಗಳಲ್ಲಿ ಸ್ಕೋರುಗಳೇ ಕಡಿಮೆ, ಬೌಲರ್‌ಗೆ ಅನುಕೂಲ. ಹೀಗಾಗಿ ಬರೀ 15.21 ತೋರಿಸಿ ಇವರು ಜಗತ್ತಿಗೇ ಮೊದಲು ಅನ್ನೋದು ಸರಿಯಲ್ಲ. ನಮ್ಮ ಟೀಮಿನ ವಾದದಲ್ಲಿ ಇದನ್ನ ಒಪ್ಪಿಕೊಂಡ್ವಿ. ಆದರೆ ಕೌಂಟಿ ತಂಡಗಳ ವಿರುದ್ಧ, ಪಂದ್ಯಕ್ಕೆ 5ಕ್ಕಿಂತ ಹೆಚ್ಚು ವಿಕೆಟ್, ಅದೂ 20ರ ಸರಾಸರಿಯಲ್ಲಿ ಅಂದ್ರ ಅದು ಯಾವ ಕಾಲಕ್ಕೂ ಒಳ್ಳೆಯ ಬೌಲರ್‌ನ ಲೆಕ್ಕ. ಬೌಲಿಂಗ್‌ಗೆ ನಾವು ಕೈ ಬಿಚ್ಚಿ ಮಾರ್ಕ್ಸ್ ಕೊಟ್ವಿ.

ಬ್ಯಾಟಿಂಗ್: ಬರದೇ ಇದ್ದದ್ದೋ, ಕೊಡದೇ ಇದ್ದದ್ದೋ

33 ಪಂದ್ಯಗಳಲ್ಲಿ 753 ರನ್, ಸರಾಸರಿ 13.69, ಶತಕ ಇಲ್ಲ. ಇಷ್ಟು ನೋಡಿ ನಮ್ಮಲ್ಲಿ ಒಬ್ಬ, ಬ್ಯಾಟಿಂಗ್ ವೀಕ್, ಹತ್ತನೇ ನಂಬರ್ ಅಂತ ಬರೆದುಬಿಟ್ಟ. ಅಂಕಿ ಪ್ರಕಾರ ತಪ್ಪಲ್ಲ.

ಆದರೆ ಪೂನಾ ಕ್ಲಬ್‌ನ ದಿನಗಳನ್ನ ಮತ್ತೆ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಲ್ಲಿ ಬಾಳೂ ನೂರಾರು ಗಂಟೆ ಬಾಲ್ ಹಾಕಿದರು, ಬ್ಯಾಟ್ ಮಾಡೋ ಅವಕಾಶ ಮಾತ್ರ ಒಮ್ಮೆಯೂ ಸಿಗಲಿಲ್ಲ. ಆಗಿನ ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ಸಾಹೇಬರ ಕೆಲಸ, ಬೌಲಿಂಗ್ ಆಳಿನ ಕೆಲಸ. ಕಲಿಯೋ ವಯಸ್ಸಿನ ವರ್ಷಗಳು ಹಿಂಗೇ ಹೋದವು.

ಅವಕಾಶ ಸಿಕ್ಕಿದ್ದರೆ ಕಲಿತಿರುತ್ತಿದ್ದರಾ? ಲ್ಯಾಬ್‌ನಲ್ಲಾದರೆ ಒಂದು ಅಂಶ ಬದಲಾಯಿಸಿ ಮತ್ತೊಮ್ಮೆ ಪ್ರಯೋಗ ಮಾಡಬಹುದು. ಇಲ್ಲಿ ಹಂಗ ಆಗೋದಿಲ್ಲ. ಆದರೂ ಹೋಲಿಸಿ ನೋಡಲಿಕ್ಕೆ ಎರಡು ಉದಾಹರಣೆ ಸಿಕ್ಕವು.

ಮೊದಲನೆಯದು ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸ್. ಬಾಳೂ ಅವರನ್ನ ಭಾರತದ ರೋಡ್ಸ್ ಅಂತ ಕರೆಯೋ ರೂಢಿಯೇ ಇತ್ತು. ಹುಟ್ಟಿದ್ದು 1877, ಬಾಳೂ ಅವರಿಗಿಂತ ಒಂದೇ ವರ್ಷ ಚಿಕ್ಕವರು. ಅವರೂ ಎಡಗೈ ಸ್ಪಿನ್ನರ್, ಬಡ ಮನೆಯಿಂದ ಬಂದವರು. ಶುರುವಿನಲ್ಲಿ ಇಂಗ್ಲೆಂಡ್ ಪರ ಹನ್ನೊಂದನೇ ನಂಬರಿಗೆ ಆಡುತ್ತಿದ್ದರು. ವರ್ಷ ವರ್ಷ ಮೇಲೆ ಬಂದು, 1911-12ರ ಚಳಿಗಾಲದಲ್ಲಿ ಮೆಲ್ಬರ್ನ್ ಟೆಸ್ಟ್‌ನಲ್ಲಿ ಜ್ಯಾಕ್ ಹಾಬ್ಸ್ ಜೊತೆ ಓಪನಿಂಗ್ ಬಂದು 323 ರನ್ ಜೊತೆಯಾಟ ಆಡಿದರು. ಬಾಳೂ ಇಂಗ್ಲೆಂಡಿನಿಂದ ವಾಪಸ್ ಬಂದ ಅದೇ ಚಳಿಗಾಲ ಅದು. ರೋಡ್ಸ್ ಕೊನೆಗೆ 4 ಸಾವಿರಕ್ಕೂ ಮೀರಿ ವಿಕೆಟ್, ಸುಮಾರು 40 ಸಾವಿರ ರನ್ ಮಾಡಿ ನಿವೃತ್ತರಾದರು. ಎಡಗೈ ಸ್ಪಿನ್ನರ್‌ಗೆ ಬ್ಯಾಟಿಂಗ್ ಕಲಿಯೋದು ಆಗದ ಮಾತೇನಲ್ಲ, ಅವರಿಗೆ ಬ್ಯಾಟ್ ಕೈಗೆ ಸಿಗಬೇಕು ಅಷ್ಟೇ.

ಎರಡನೆಯದು ಬಾಳೂ ಅವರ ಮನೆಯೊಳಗೇ ಇದೆ. ತಮ್ಮಂದಿರು ಆಡೋ ಹೊತ್ತಿಗೆ ಅಣ್ಣ ಬಾಗಿಲು ಅಷ್ಟಿಷ್ಟು ತೆಗೆದಿದ್ದರು. ಅದೇ 1911ರ ಪ್ರವಾಸದಲ್ಲಿ ಶಿವರಾಮ ಸಾಮರ್‌ಸೆಟ್ ವಿರುದ್ಧ ಶತಕ ಹೊಡೆದರು. ಎಲ್ಲರಿಗಿಂತ ಕಿರಿಯ ವಿಠ್ಠಲ ಆ ಕಾಲದ ಒಳ್ಳೆಯ ಹಿಂದೂ ಬ್ಯಾಟ್ಸ್‌ಮನ್‌ಗಳಲ್ಲಿ ಒಬ್ಬರಾದರು. ಒಂದೇ ತಾಯಿ ಮಕ್ಕಳು. ಅಣ್ಣನ ಕೈಗೆ ಬಾಲ್ ಮಾತ್ರ ಬಂತು, ತಮ್ಮಂದಿರ ಕೈಗೆ ಬ್ಯಾಟೂ ಬಂತು.

ಇಷ್ಟಾದ ಮೇಲೂ 13.69 ಇದ್ದದ್ದು 23 ಆಗೋದಿಲ್ಲ. ಪಂದ್ಯದ ದಿನ ಅವರು ಬ್ಯಾಟಿಂಗ್‌ನಲ್ಲಿ ಸಾಧಾರಣ ಆಟಗಾರರೇ. ಬ್ಯಾಟಿಂಗ್ ಮಾರ್ಕ್ಸ್ ಕಡಿಮೆಯೇ ಕೊಟ್ವಿ. ಆದರೆ ಪಕ್ಕದಲ್ಲಿ, ಈ ವಿಷಯದ ಕ್ಲಾಸಿಗೆ ಇವರನ್ನ ಕೂರಿಸಿರಲಿಲ್ಲ ಅಂತ ಒಂದು ಸಾಲು ಬರೆದ್ವಿ.

ಕ್ಯಾಪ್ಟನ್ಸಿ: ಖಾಲಿ ಬಿಟ್ಟ ಕಾಲಂ

ಬಾಂಬೆಯ ಆ ಟೂರ್ನಿಯಲ್ಲಿ 1907ರಿಂದ ಪಾರ್ಸಿ, ಹಿಂದೂ, ಯುರೋಪಿಯನ್ ಮೂರು ತಂಡ, 1912ರಿಂದ ಮುಸ್ಲಿಮರೂ ಸೇರಿ ನಾಲ್ಕು. ಹಿಂದೂ ತಂಡದಲ್ಲಿ ಅನುಭವದಲ್ಲಿ, ವಿಕೆಟ್‌ನಲ್ಲಿ ಬಾಳೂ ಎಲ್ಲರಿಗಿಂತ ಮುಂದೆ. ಅವರನ್ನ ಕ್ಯಾಪ್ಟನ್ ಮಾಡಿ ಅಂತ ವರ್ಷ ವರ್ಷ ಕೂಗು ಏಳುತ್ತಿತ್ತು, ವರ್ಷ ವರ್ಷ ಬೇರೆಯವರು ಆಗುತ್ತಿದ್ದರು. 1913ರಲ್ಲಿ ಕ್ಯಾಪ್ಟನ್ ಆದ ಎಂ.ಡಿ. ಪೈ, ಈ ಗೌರವ ನಿಜವಾಗಿ ಬಾಳೂ ಅವರಿಗೆ ಸಲ್ಲಬೇಕಿತ್ತು ಅಂತ ತಾವೇ ಬಹಿರಂಗವಾಗಿ ಹೇಳಿದರು.

1920ರಲ್ಲಿ ಪೈ ಅವರಿಗೆ ಆರೋಗ್ಯ ಸರಿ ಇಲ್ಲದಾಗ ದೇವಧರ ಅವರನ್ನ ಕ್ಯಾಪ್ಟನ್ ಮಾಡಿ, ಬಾಳೂ ಅವರನ್ನ ತಂಡದಿಂದಲೇ ಬಿಟ್ಟರು. ವಿಠ್ಠಲ ಮತ್ತು ಶಿವರಾಮ ಪ್ರತಿಭಟಿಸಿ ಆಡೋದಿಲ್ಲ ಅಂತ ಹೊರಗುಳಿದರು. ಜನರೂ ಅವರ ಕಡೆ ನಿಂತರು. ಮುಂದಿನ ಪಂದ್ಯಕ್ಕೆ ಅಣ್ಣತಮ್ಮಂದಿರು ವಾಪಸ್ ಬಂದರು, ಬಾಳೂ ಉಪನಾಯಕರಾದರು. ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರಗೆ ಹೋದರು, ಆ ಹೊತ್ತು ತಂಡ ನಡೆಸಿದ್ದು ಬಾಳೂ. 44ರ ವಯಸ್ಸಿನಲ್ಲಿ ಅವರಿಗೆ ಸಿಕ್ಕ ನಾಯಕತ್ವ ಅಷ್ಟೇ.

ಇಲ್ಲಿ ನಾವು ಇಂಗ್ಲೆಂಡನ್ನೂ ಹೊಗಳಲಿಕ್ಕೆ ಹೋಗೋದಿಲ್ಲ. ರೋಡ್ಸ್ ಅಷ್ಟು ದೊಡ್ಡ ಆಟಗಾರ, ಅವರನ್ನೂ ಅವರ ಯಾರ್ಕ್‌ಷೈರ್ ಕೌಂಟಿ ಕ್ಯಾಪ್ಟನ್ ಮಾಡಲಿಲ್ಲ. ದುಡ್ಡಿಗೆ ಆಡೋರು ನಾಯಕರಾಗಬಾರದು, ಅದು ಜಂಟಲ್‌ಮನ್‌ಗಳ ಜಾಗ ಅನ್ನೋ ರೂಢಿ. ಅಲ್ಲಿ ವರ್ಗ ಅಡ್ಡ ಬಂತು, ಇಲ್ಲಿ ಜಾತಿ.

1923ರಲ್ಲಿ ವಿಠ್ಠಲ ಹಿಂದೂ ತಂಡದ ಕ್ಯಾಪ್ಟನ್ ಆದರು. ಫೈನಲ್‌ನಲ್ಲಿ ಯುರೋಪಿಯನ್ನರನ್ನ ಸೋಲಿಸಿದರು. ಜನ ಅವರನ್ನ ಹೆಗಲ ಮೇಲೆ ಹೊತ್ತು ಮೈದಾನದಿಂದ ಕರೆತಂದರು. ಅಣ್ಣನ ಕ್ಯಾಪ್ಟನ್ಸಿ ಹೆಂಗಿರ್ತಿತ್ತು ಅನ್ನೋದಕ್ಕೆ ಇದು ಸಾಕ್ಷಿ ಆಗೋದಿಲ್ಲ. ಹೀಗಾಗಿ ಈ ಕಾಲಂಗೆ ನಾವು ಸೊನ್ನೆ ಹಾಕಲಿಲ್ಲ, ನೂರೂ ಹಾಕಲಿಲ್ಲ. ಪರೀಕ್ಷೆಗೇ ಕೂರಿಸದವನಿಗೆ ಸೊನ್ನೆ ಹಾಕೋದು ಯಾವ ಯೂನಿವರ್ಸಿಟಿಯ ನಿಯಮ?

ಆಟ ಬಿಟ್ಟ ಮೇಲೆ

ಯುವಕ ಅಂಬೇಡ್ಕರ್ ಅವರಿಗೆ ಬಾಳೂ ಬಗ್ಗೆ ಬಹಳ ಅಭಿಮಾನ ಇತ್ತು. ಮುಂದೆ ಇಬ್ಬರ ದಾರಿ ಬೇರೆ ಆಯ್ತು. ಬಾಳೂ ಗಾಂಧಿ ಕಡೆ ಒಲಿದರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಬಾಂಬೆ ಶಾಸನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನ ಅಂಬೇಡ್ಕರ್ ಎದುರೇ ನಿಲ್ಲಿಸಿತು. ಅಂಬೇಡ್ಕರ್‌ಗೆ 13,245 ಮತ, ಬಾಳೂ ಅವರಿಗೆ 11,225. ಈ ಚುನಾವಣೆ ಕಾರಣಕ್ಕೆ ಅವರನ್ನ ಕೆಲವರು ದೂರ ಇಟ್ಟರು, ಉಳಿದವರು ಮರೆತೇಬಿಟ್ಟರು ಅಂತ ನಮಗೆ ಅನಿಸ್ತದ. ರಾಜಕೀಯದ ಲೆಕ್ಕ ಹಾಕೋ ಯೋಗ್ಯತೆ ನಮಗಿಲ್ಲ, ಅದು ಈ ಲೇಖನದ ವಿಷಯವೂ ಅಲ್ಲ. 1955ರ ಜುಲೈನಲ್ಲಿ ಬಾಳೂ ಬಾಂಬೆಯಲ್ಲಿ ತೀರಿಕೊಂಡರು.

ಕೊನೆಗೆ ನಮ್ಮ ಟೀಮಿನ ಮಾತು

ಆಲಮೇಲದ ನಮ್ಮ ಹೊಲದ ಟೀಮಿನಲ್ಲಿ ಒಬ್ಬ ಹುಡುಗ ಇದ್ದಾನ. ಜೋಳದ ಕೂಳೆ ಕಿತ್ತು, ಕೊಡದಲ್ಲಿ ನೀರು ತಂದು ಚಿಮುಕಿಸಿ, ತುಳಿದು ಪಿಚ್ ಮಾಡೋನು ಅವನೇ. ಬೌಲಿಂಗ್‌ನಲ್ಲಿ ಅವನ ಕೈ ಬಿಟ್ಟರೆ ನಮ್ಮ ಟೀಮ್ ಇಲ್ಲ. ಸಿಂದಗಿ, ಇಂಡಿ ಕಡೆಯ ಹುಡುಗರ ಜೊತೆ ಮ್ಯಾಚ್ ಗೆದ್ದದ್ದೆಲ್ಲ ಅವನಿಂದಲೇ. ಬ್ಯಾಟಿಂಗ್ ಕ್ರಮ ಬರೆಯುವಾಗ ಅವನ ಹೆಸರು ಯಾವಾಗಲೂ ಕೊನೆಗೆ. ಓವರ್ ಮುಗಿದು ಎಷ್ಟೋ ಸಲ ಅವನಿಗೆ ಬ್ಯಾಟ್ ಸಿಗೋದೇ ಇಲ್ಲ. ಯಾಕೆ ಅಂತ ಕೇಳಿದರೆ, ಅವನಿಗೆ ಬ್ಯಾಟಿಂಗ್ ಬರೋದಿಲ್ಲ ಅಂತೀವಿ. ಯಾವಾಗ ನೋಡಿದ್ವಿ ಅಂತ ಈ ಲೇಖನ ಬರೆಯೋ ತನಕ ಯಾರೂ ಕೇಳಿಕೊಂಡಿರಲಿಲ್ಲ.

ರಜೆಯ ಕೊನೆಯ ಭಾನುವಾರ ಅವನನ್ನ ಮೂರನೇ ನಂಬರಿಗೆ ಕಳಿಸಿದ್ವಿ. ಎರಡನೇ ಬಾಲಿಗೇ ಬೌಲ್ಡ್ ಆದ. ನಮ್ಮೊಳಗೊಬ್ಬ ನೋಡಿದ್ರೇನು ಅನ್ನೋ ಹಾಗೆ ನಕ್ಕ. ಅವನೂ ನಗ್ತಾನೇ ಬಂದು ಬ್ಯಾಟ್ ಕೊಟ್ಟು, ಮುಂದಿನ ಮ್ಯಾಚ್‌ಗೂ ಇದೇ ನಂಬರಾ ಅಂತ ಕೇಳಿದ. ಹೌದು ಅಂದ್ವಿ. ಯುಗಾದಿಗೆ ಊರಿಗೆ ಹೋದಾಗ ಮತ್ತೆ ಮ್ಯಾಚ್ ಐತಿ.

ಅಂದ ಹಾಗೆ ನಮ್ಮ ಸಾರ್ವಕಾಲಿಕ ಟೀಮಿನಲ್ಲಿ ಎಡಗೈ ಸ್ಪಿನ್ನರ್ ಈಗ ಇಬ್ಬರು. ಸುನಿಲ್ ಜೋಶಿ ಅವರನ್ನ ತೆಗೆಯಲಿಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ಕ್ಯಾಪ್ಟನ್ ಯಾರು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ನಮ್ಮಲ್ಲಿ ಇಬ್ಬರು ದ್ರಾವಿಡ್ ಅಂತಾರ, ಮೂವರು ಬಾಳೂ ಅಂತಾರ. ನೀವು ಏನಂತೀರಿ?